ಗಾಳಿ ಕಟ್ಟಿದರೆ ಇದ್ದಿಲು, ಬಿಟ್ಟರೆ ಬೂದಿ

ಕೇಳುಗ ಬಂಧುಗಳೇ, ನಮಸ್ಕಾರ.

ಈ ಹೊತ್ತಿಗೆ ನಿಮ್ಮಲ್ಲಿ ಹಲವರು ಅಡಿಕೆ ಸುಲಿಯುತ್ತ ರೇಡಿಯೋ ಕೇಳುತ್ತಿರುತ್ತೀರಿ ಎಂದು ನನಗೆ ಗೊತ್ತು. ಸುಲಿಯಿರಿ, ನನಗಾಗಿ ಕೈ ನಿಲ್ಲಿಸಬೇಡಿ. ಆ ಸಿಪ್ಪೆ ಎಲ್ಲಿ ಬೀಳುತ್ತಿದೆ ಎಂದು ಮಾತ್ರ ಒಮ್ಮೆ ನೋಡಿ. ಕೊಟ್ಟಿಗೆಯ ಹಿಂದೆ ರಾಶಿ ಬೀಳುತ್ತದೆ. ಬೇಗ ಕೊಳೆಯುವ ಜಾತಿಯಲ್ಲ ಅದು. ಒಂದು ದಿನ ಯಾರೋ ಬೇಸರ ಬಂದು ಬೆಂಕಿ ಕೊಡುತ್ತಾರೆ. ಮೂರು ದಿನ ಹೊಗೆಯಾಡುತ್ತದೆ, ಅಕ್ಕಪಕ್ಕದವರು ಬಯ್ಯುತ್ತಾರೆ, ಕೊನೆಗೆ ಎರಡು ಬುಟ್ಟಿ ಬೂದಿ. ಆ ಬೂದಿಯನ್ನು ತೆಂಗಿನ ಬುಡಕ್ಕೆ ಹಾಕಿ ದೊಡ್ಡ ಕೆಲಸ ಮಾಡಿದೆವು ಎಂದುಕೊಳ್ಳುತ್ತೇವೆ. ಬೂದಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಅದರಲ್ಲಿ ಪೊಟ್ಯಾಷ್ ಉಂಟು. ಆದರೆ ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ. ಆಷಾಢದ ನಾಲ್ಕು ಮಳೆಗೆ ನಿಮ್ಮ ಪೊಟ್ಯಾಷ್ ತೋಡು ದಾಟಿ ಹೊಳೆ ಸೇರಿರುತ್ತದೆ.

ಅದೇ ಸಿಪ್ಪೆಯನ್ನು, ಅದೇ ಗೆರಟೆಯನ್ನು, ಮಡಲಿನ ದಿಂಡನ್ನು ಬೂದಿಯಾಗಲು ಬಿಡದೆ ಇದ್ದಿಲು ಮಾಡಿ ಮಣ್ಣಿಗೆ ಸೇರಿಸಿದರೆ, ಅದು ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರುತ್ತದೆ. ಇದಕ್ಕೆ ಈಗ ಬಯೋಚಾರ್ ಎಂದು ಹೆಸರು. ಹೆಸರಿಗೆ ಹೆದರಬೇಡಿ. ಮಣ್ಣಿಗೆ ಹಾಕಲೆಂದೇ ಮಾಡಿದ ಮಸಿ, ಅಷ್ಟೇ. ಈ ಮಾತು ಹೇಳಿದ ಕೂಡಲೇ ಇಬ್ಬರು ಕೇಳುತ್ತಾರೆ: ಒಬ್ಬರು "ಯಾವ ಅಂಗಡಿಯಲ್ಲಿ ಸಿಗ್ತದೆ?", ಇನ್ನೊಬ್ಬರು "ಸಬ್ಸಿಡಿ ಉಂಟಾ?" ಸ್ವಾಮೀ, ಕಸ ನಿಮ್ಮದು, ಮಣ್ಣು ನಿಮ್ಮದು, ಬೆಂಕಿಪೆಟ್ಟಿಗೆಯೂ ಮನೆಯಲ್ಲಿದೆ. ಅಂಗಡಿ ಯಾಕೆ?

ಒಣಗಿದ ಕಟ್ಟಿಗೆಯಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಇಂಗಾಲ. ಗಾಳಿ ಕೊಟ್ಟು ಸುಟ್ಟರೆ ಆ ಇಂಗಾಲ ಆಕಾಶಕ್ಕೆ ಹೋಗುತ್ತದೆ, ನಿಮಗೆ ಬೂದಿ ಉಳಿಯುತ್ತದೆ. ಕಾದ ಮೇಲೆ ಗಾಳಿ ಕಟ್ಟಿದರೆ ನೀರು ಹೋಗುತ್ತದೆ, ಎಣ್ಣೆ ಅಂಶ ಹೋಗುತ್ತದೆ, ಇಂಗಾಲದ ಒಳ್ಳೆಯ ಪಾಲು ಕಪ್ಪಗೆ ಗಟ್ಟಿಯಾಗಿ ಉಳಿಯುತ್ತದೆ. ಇವತ್ತು ನಾನು ಹೇಳುವುದು ಇದೊಂದೇ. ಗಾಳಿ ಕಟ್ಟಿ. ಉಳಿದದ್ದೆಲ್ಲ ಮರೆತರೂ ಅಡ್ಡಿಯಿಲ್ಲ.

ನಾನು ಇದನ್ನು ಕಲಿತದ್ದು ಪುಸ್ತಕದಿಂದಲ್ಲ. ಮಣ್ಣು ವಿಜ್ಞಾನ ಪಾಠ ಮಾಡಿದವನು ನಾನು, ಪುಸ್ತಕ ಬೇಕಾದಷ್ಟು ಓದಿದ್ದೆ. ನಿವೃತ್ತನಾಗಿ ಊರಿಗೆ ಬಂದವನೇ ಅಂಗಳದ ಮೂಲೆಯಲ್ಲಿ ಒಂದು ಮಣ್ಣಿನ ಒಲೆ ಕಟ್ಟಿದೆ. ಗುಡಾಣದ ಆಕಾರ, ಮೂರು ಅಡಿ ಎತ್ತರ, ಕೆಳಗೊಂದು ಬಾಯಿ, ಮೇಲೊಂದು ಬಾಯಿ. ಬೆಂಗಳೂರಿನಿಂದ ತರಿಸಿದ ಥರ್ಮಾಮೀಟರ್ ಬೇರೆ, ಅದರ ಬೆಲೆ ಇವತ್ತಿಗೂ ಮನೆಯಲ್ಲಿ ಹೇಳಿಲ್ಲ. ಗೆರಟೆ, ಕಡ್ಡಿ ತುಂಬಿದೆ, ಬೆಂಕಿ ಕೊಟ್ಟೆ, 450 ಡಿಗ್ರಿ ತೋರಿಸಿತು, ಬಾಯಿ ಎರಡೂ ಮುಚ್ಚಿದೆ, ಊಟ ಮಾಡಿ ಮಲಗಿದೆ. ಬೆಳಿಗ್ಗೆ ತೆಗೆದು ನೋಡಿದರೆ ಬೂದಿ. ಬೆಳ್ಳಗೆ, ನುಣ್ಣಗೆ, ಹಣೆಗೆ ಹಚ್ಚಿಕೊಳ್ಳುವ ಹಾಗೆ.

ಪಕ್ಕದ ಮನೆಯ ಅಜ್ಜ ಬೇಲಿಯ ಆಚೆ ನಿಂತು ನೋಡುತ್ತಿದ್ದರು. ಆಗಲೇ ಎಂಬತ್ತರ ಹತ್ತಿರದವರು. ಮೊದಲೆಲ್ಲ ಮಲ್ಲಿಗೆ ಗಿಡಕ್ಕೆ, ತರಕಾರಿ ಸಾಲಿಗೆ ಸುಡುಮಣ್ಣು ಮಾಡುತ್ತಿದ್ದವರು. ಸುಡುಮಣ್ಣು ನಮ್ಮ ಜಿಲ್ಲೆಯವರಿಗೆ ನಾನು ವಿವರಿಸಬೇಕಾಗಿಲ್ಲ. ಕಸಕಡ್ಡಿ, ತರಗೆಲೆಯ ಮೇಲೆ ಮಣ್ಣು ಹೊದಿಸಿ ಮೆಲ್ಲಗೆ ಬೇಯಿಸುವುದು. ಅಜ್ಜನ ಮಾತು ತುಳು, ನಾನು ಕನ್ನಡದಲ್ಲಿ ಹೇಳುತ್ತೇನೆ. "ಮಾಷ್ಟ್ರೇ, ನೀವು ಮಸಿ ಮಾಡಿದ್ದಲ್ಲ, ಸ್ನಾನಕ್ಕೆ ನೀರು ಕಾಯಿಸಿದ್ದು" ಅಂದರು. ಆಮೇಲೆ ಥರ್ಮಾಮೀಟರ್ ಕೈಗೆ ತೆಗೆದುಕೊಂಡು, "ಇದು ಯಾವುದಕ್ಕೆ?" ಶಾಖ ನೋಡಲಿಕ್ಕೆ ಅಂದೆ. "ಬಿರುಕು ತೋರಿಸ್ತದಾ ಇದು?" ಇಲ್ಲ. "ಹಾಗಾದರೆ ಒಳಗಿಡಿ" ಅಂದರು.

ಎರಡನೇ ಸಲ ಅವರೇ ಬಂದು ಕುಳಿತರು. ಮಣ್ಣೂ ಅವರದೇ ಲೆಕ್ಕ. ಹುತ್ತದ ಮಣ್ಣು, ಅದಕ್ಕೆ ಸ್ವಲ್ಪ ಮರಳು, ಉಮಿ, ಸೆಗಣಿ ಹಾಕಿ ತುಳಿದು, ಒಂದು ರಾತ್ರಿ ನೆನೆಯಲು ಬಿಟ್ಟು, ಗೇಣು ದಪ್ಪಕ್ಕೆ ಗೋಡೆ ಮೆತ್ತಿದೆವು. ಹತ್ತು ದಿನ ನೆರಳಲ್ಲಿ ಒಣಗಿತು. ತುಂಬಿದ ಕಡ್ಡಿ ಮುರಿದರೆ ಟಕ್ ಅನ್ನಬೇಕು. ಬಗ್ಗಿದ್ದನ್ನೆಲ್ಲ ಅಜ್ಜ ಹೊರಗೆ ಎಸೆದರು. ಸಿಪ್ಪೆಯನ್ನು ಕಡ್ಡಿಯ ನಡುನಡುವೆ ಹಾಕಿದರು, ಅದೊಂದನ್ನೇ ತುಂಬಿದರೆ ಗಾಳಿಗೆ ದಾರಿ ಇರುವುದಿಲ್ಲ. ಮತ್ತೆ, ಬೆಂಕಿ ಕೊಟ್ಟದ್ದು ಕೆಳಗಿನಿಂದ ಅಲ್ಲ, ಮೇಲಿನಿಂದ. ಇದು ನನ್ನ ಪುಸ್ತಕದಲ್ಲೂ ಇತ್ತು, ಆ ಮಟ್ಟಿಗೆ ನನಗೆ ಮರ್ಯಾದೆ ಉಳಿಯಿತು. ಮೇಲೆ ಹೊತ್ತಿಸಿದರೆ ಕೆಳಗಿನಿಂದ ಏಳುವ ಹೊಗೆ ಆ ಜ್ವಾಲೆಯೊಳಗೇ ಹಾದು ಸುಟ್ಟುಹೋಗುತ್ತದೆ, ಕಣ್ಣು ಉರಿಯುವುದಿಲ್ಲ. ಬೆಂಕಿ ಮೆಲ್ಲಗೆ ಕೆಳಗಿಳಿಯುತ್ತದೆ. ಅಲ್ಲಿಯತನಕ ಮೇಲೆ ಹಳದಿ ಜ್ವಾಲೆ. ಕೆಳಗಿನ ಬಾಯಿಯಲ್ಲಿ ಕೆಂಡ ಕಂಡು, ಮೇಲಿನ ಜ್ವಾಲೆ ಗಿಡ್ಡವಾಗಿ ನೀಲಿಗೆ ತಿರುಗಿತೋ, ಅದೇ ಮುಹೂರ್ತ. ಆಮೇಲೆ ಉರಿಯುವುದು ಕಡ್ಡಿಯಲ್ಲ, ನಿಮ್ಮ ಇದ್ದಿಲು. ಕೆಳಗಿನ ಬಾಯಿಗೆ ಇಟ್ಟಿಗೆ, ಮೇಲೆ ತಗಡು, ಸುತ್ತ ಹಸಿ ಮಣ್ಣು.

ನಾನು ಎದ್ದು ಹೊರಟೆ. "ಎಲ್ಲಿಗೆ?" ಅಂದರು ಅಜ್ಜ. ಮುಚ್ಚಿಯಾಯಿತಲ್ಲ ಅಂದೆ. "ಕೂತ್ಕೊಳ್ಳಿ. ಕತ್ತಲಾಗಲಿ."

ಕತ್ತಲಾಯಿತು. "ಅಂಗಳದ ದೀಪ ಆರಿಸಿ. ಟಾರ್ಚೂ ಬೇಡ." ಆರಿಸಿದೆ. ಮೊದಲು ಏನೂ ಕಾಣಲಿಲ್ಲ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ನೋಡುತ್ತೇನೆ, ಒಲೆಯ ಮೈಮೇಲೆ ಅಲ್ಲಲ್ಲಿ ಕೆಂಪು ನೂಲು ಎಳೆದ ಹಾಗೆ ಗೆರೆಗಳು! ಹಗಲಲ್ಲಿ ನನ್ನ ಕಣ್ಣಿಗೆ ಒಂದೂ ಬಿದ್ದಿರಲಿಲ್ಲ. ಮಣ್ಣು ಕಾದು ಬಿರಿದಿತ್ತು, ಒಂದೊಂದು ಬಿರುಕೂ ಒಳಗೆ ಗಾಳಿ ಎಳೆಯುತ್ತಿತ್ತು. ಅಜ್ಜ ಗೆರಟೆಯಲ್ಲಿ ಮಣ್ಣಿನ ಬಗ್ಗಡ ಹಿಡಿದು, ಬಟ್ಟೆಯ ಉಂಡೆ ಅದ್ದಿ, ಒಂದೊಂದೇ ನೂಲನ್ನು ಒರೆಸುತ್ತ ಸುತ್ತು ಬಂದರು. ಒಂದೊಂದೇ ಆರಿತು. ಮುಗಿಯಿತು ಎಂದು ನಾನಂದರೆ, "ಹಿಂದೆ ಒಂದುಂಟು" ಅನ್ನುತ್ತಾರೆ. ಇತ್ತು! ಹೀಗೆ ಒಂಬತ್ತೂವರೆಯವರೆಗೆ ನಡೆಯಿತು. ಆಮೇಲೆ ಒಲೆ ಪೂರ್ತಿ ಕಪ್ಪಾಯಿತು, ಅಜ್ಜ ಎದ್ದು ಮನೆಗೆ ಹೋದರು.

ಮರುದಿನ ನಾನು ಎರಡು ಸಲ ತೆಗೆಯಲು ಹೋದೆ, ಎರಡು ಸಲವೂ ಬೇಲಿಯ ಆಚೆಯಿಂದ ಕೆಮ್ಮು ಕೇಳಿಸಿತು. ಮೂರನೆಯ ದಿನ ಒಪ್ಪಿಗೆ ಸಿಕ್ಕಿತು. ತೆಗೆದರೆ, ಬಂಧುಗಳೇ, ಏನು ಹೇಳಲಿ, ಗೆರಟೆ ಗೆರಟೆಯ ಆಕಾರದಲ್ಲೇ ಇದೆ, ಕಪ್ಪಗೆ ಮಿರುಗುತ್ತಿದೆ, ಕಲ್ಲಿನ ಮೇಲೆ ಹಾಕಿದರೆ ಗಾಜಿನಂತೆ ಟಿಣ್ ಅನ್ನುತ್ತದೆ. ಅಜ್ಜ ಒಂದು ತುಂಡು ಕೈಯಲ್ಲಿ ಉಜ್ಜಿ, ಬರೀ ನೀರಲ್ಲಿ ತೊಳೆದರು. ಹೋಯಿತು. ನೀರಿಗೆ ಹೋದರೆ ಚೆನ್ನಾಗಿ ಬೆಂದಿದೆ, ಸೋಪು ಬೇಕಾದರೆ ಇನ್ನೂ ಎಣ್ಣೆ ಉಳಿದಿದೆ ಎಂದು ಲೆಕ್ಕ. ನೂರು ಕಿಲೋ ಒಣ ಕಸಕ್ಕೆ ಇಪ್ಪತ್ತು, ಕೈ ಪಳಗಿದರೆ ಇಪ್ಪತ್ತೈದು ಕಿಲೋ ಇದ್ದಿಲು ಸಿಗುತ್ತದೆ. ಕಡಿಮೆಯಾಯಿತು ಎನ್ನಬೇಡಿ. ನಿಮ್ಮ ಬೂದಿ ಎಷ್ಟು ಸಿಗುತ್ತಿತ್ತು?

ಗಾಜಿನ ಆಚೆಯಿಂದ ನನಗೆ ಕೈಸನ್ನೆ ಬರುತ್ತಿದೆ. ಅಜ್ಜನ ಕಥೆ ಹೇಳಲು ಕುಳಿತರೆ ಹೀಗೇ ಆಗುವುದು. ಬೇಗ ಬೇಗ ಹೇಳುತ್ತೇನೆ.

ಈ ಇದ್ದಿಲು ಮಣ್ಣಿನಲ್ಲಿ ಉಳಿಯುತ್ತದೆ ಎಂಬುದಕ್ಕೆ ಸಾಕ್ಷಿ ಅಮೆಜಾನ್ ಕಾಡಿನಲ್ಲಿದೆ. ಅಲ್ಲಿಯೂ ಭಾರೀ ಮಳೆ, ತೊಳೆದು ಬಡವಾದ ಮಣ್ಣು. ಐರೋಪ್ಯರು ಕಾಲಿಡುವ ಎಷ್ಟೋ ಶತಮಾನ ಮೊದಲು ಅಲ್ಲಿನ ಜನ ಇದ್ದಿಲು, ಮೂಳೆ, ಮಡಕೆ ಚೂರು, ಮನೆಯ ಕಸ ಸೇರಿಸಿದ ಮಣ್ಣು ಇವತ್ತಿಗೂ ಕಪ್ಪಗೆ, ಫಲವತ್ತಾಗಿ ಇದೆ. ಪೋರ್ಚುಗೀಸ್ ಭಾಷೆಯಲ್ಲಿ ಟೆರ್ರಾ ಪ್ರೇಟಾ, ಎಂದರೆ ಕಪ್ಪು ಮಣ್ಣು.

ಇದ್ದಿಲನ್ನು ಒಲೆಯಿಂದ ತೆಗೆದ ಹಾಗೇ ಮಣ್ಣಿಗೆ ಹಾಕಲೇಬೇಡಿ. ಅದರ ಮೈಯೆಲ್ಲ ಸೂಕ್ಷ್ಮ ತೂತು. ಖಾಲಿ ತೂತು ಗಿಡದ ಪಾಲಿನ ಸಾರಜನಕವನ್ನೇ ಹೀರಿ ಕುಳಿತರೆ ಎಲೆ ಹಳದಿಯಾಗುತ್ತದೆ. ಮೊದಲು ಪುಡಿ ಮಾಡಿ, ನೀರು ಚಿಮುಕಿಸಿಕೊಂಡು ಪುಡಿ ಮಾಡಿ, ಧೂಳು ಎದೆಗೆ ಒಳ್ಳೆಯದಲ್ಲ. ಆಮೇಲೆ ಗೋಮೂತ್ರದಲ್ಲೋ ಗೋಬರ್ ಗ್ಯಾಸಿನ ಸ್ಲರಿಯಲ್ಲೋ ಹದಿನೈದು ದಿನ ನೆನೆಸಿ, ಹಟ್ಟಿ ಗೊಬ್ಬರದೊಂದಿಗೆ ಸೇರಿಸಿ ಬುಡಕ್ಕೆ ಕೊಡಿ. ನಮ್ಮ ಹುಳಿ ಮುರಮಣ್ಣಿಗೆ ಇದು ಹೇಳಿ ಮಾಡಿಸಿದ್ದು, ಇದ್ದಿಲಿನಲ್ಲಿ ಕ್ಷಾರದ ಗುಣ ಉಂಟು. ಘಟ್ಟದ ಮೇಲೆ, ಮೊದಲೇ ಕ್ಷಾರ ತುಂಬಿದ ಸೌಳು ಮಣ್ಣಿನವರು ಇದ್ದರೆ, ನಿಮಗಲ್ಲ ಇದು. ತರಗೆಲೆ ಸುಡಬೇಡಿ, ಅದು ತೋಟದ ಹೊದಿಕೆ, ಇದ್ದಲ್ಲೇ ಇರಲಿ.

ಒಲೆ ಬಯಲಲ್ಲೇ ಇರಲಿ, ಕೊಟ್ಟಿಗೆಯೊಳಗೆ ಬೇಡ. ಮುಚ್ಚಿದ ಜಾಗದಲ್ಲಿ ಒಲೆಯಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಕಣ್ಣಿಗೆ ಕಾಣದೆ ಜೀವ ತೆಗೆಯುತ್ತದೆ.

ಮಧ್ಯಾಹ್ನ ಬೆಂಕಿ ಕೊಡಿ, ಸಂಜೆಗೆ ಮುಚ್ಚಿ, ಕತ್ತಲಾದ ಮೇಲೆ ದೀಪ ಆರಿಸಿ ಸುತ್ತು ಬನ್ನಿ. ಕೆಂಪು ನೂಲು ಕಂಡಲ್ಲೆಲ್ಲ ಬಗ್ಗಡ ಒರೆಸಿ, ಗಾಳಿ ಕಟ್ಟಿ. ಎರಡು ರಾತ್ರಿ ಕಳೆಯಲಿ. ತೆಗೆಯುವಾಗ ಒಂದು ಕೊಡ ನೀರು ಪಕ್ಕದಲ್ಲಿರಲಿ, ತಣ್ಣಗಾದಂತೆ ಕಂಡ ಇದ್ದಿಲು ಗಾಳಿ ತಾಗಿದ ಕೂಡಲೇ ಮತ್ತೆ ಹೊತ್ತಿಕೊಳ್ಳುವುದುಂಟು. ನಮಸ್ಕಾರ.