ಫ್ರಾಂಕ್ ಏರಿದ ಬೆಳಿಗ್ಗೆ

2015ರ ಜನವರಿ 15, ಗುರುವಾರ. ಬೆಳಿಗ್ಗೆ ಹತ್ತೂವರೆಗೆ ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಬ್ಯಾಂಕಿನಿಂದ ಒಂದು ಪ್ರಕಟಣೆ ಬಂತು. ಯೂರೋದ ಬೆಲೆ 1.20 ಸ್ವಿಸ್ ಫ್ರಾಂಕ್‌ಗಿಂತ ಕೆಳಗಿಳಿಯಲು ಬಿಡುವುದಿಲ್ಲ ಎಂದು 2011ರ ಸೆಪ್ಟೆಂಬರಿನಿಂದ ಹಿಡಿದಿದ್ದ ಪಟ್ಟನ್ನು ಬ್ಯಾಂಕ್ ಬಿಟ್ಟುಬಿಟ್ಟಿತ್ತು. ನಿಮಿಷಗಳಲ್ಲೇ ಯೂರೋ ಒಂದು ಫ್ರಾಂಕ್‌ಗಿಂತಲೂ ಅಗ್ಗವಾಯಿತು. ದೇಶದ ದುಡ್ಡಿಗೆ ಬೆಲೆ ಬಂತು ಎಂದು ಅಲ್ಲಿ ಯಾರಾದರೂ ಸಿಹಿ ಹಂಚಿದರೇ? ಸ್ವಾಚ್ ಗಡಿಯಾರ ಕಂಪನಿಯ ಮುಖ್ಯಸ್ಥ ನಿಕ್ ಹಾಯೆಕ್ ಇದನ್ನು ಸುನಾಮಿ ಎಂದರು.

ಅವರ ಸಂಕಟ ನ್ಯಾಯವಾದದ್ದೇ. ಕಾರ್ಖಾನೆಯ ಸಂಬಳವೆಲ್ಲ ಫ್ರಾಂಕ್‌ನಲ್ಲಿ, ಗಿರಾಕಿ ಎಣಿಸುವುದು ಯೂರೋ, ಡಾಲರ್. ಫ್ರಾಂಕ್ ಏರಿದರೆ ಅದೇ ಗಡಿಯಾರ ಅವನಿಗೆ ದುಬಾರಿ. ಚಿನ್ನದ ಸೂಜಿ ಎಂದು ಕಣ್ಣಿಗೆ ಚುಚ್ಚಿಕೊಳ್ಳಲಾಗುತ್ತದೆಯೇ?

ಗಡಿಗೆ ಹೋಗಿ ನೋಡಿ. ಸ್ವಿಸ್ ಊರು ಕ್ರಾಯ್ಟ್ಸ್‌ಲಿಂಗನ್‌ನಿಂದ ಜರ್ಮನಿಯ ಕಾನ್‌ಸ್ಟಾಂಟ್ಸ್‌ಗೆ ನಡೆದೇ ಹೋಗಬಹುದು. ಅಲ್ಲಿ ಮಾಂಸ, ಸೋಪು, ಡಯಾಪರ್ ಎಲ್ಲವೂ ಅಗ್ಗ. ಮೇಲಾಗಿ ಸರಕು ದೇಶದಾಚೆ ಹೋಯಿತೆಂಬ ಹಸಿರು ಚೀಟಿಗೆ ಸುಂಕದವರ ಮೊಹರು ಹಾಕಿಸಿಕೊಂಡರೆ ಜರ್ಮನ್ ಮಾರಾಟ ತೆರಿಗೆಯೂ ವಾಪಸ್. ಚೀಟಿಗಳ ರಾಶಿಗೆ ಬೇಸತ್ತೋ ಏನೋ, 2020ರಿಂದ ಐವತ್ತು ಯೂರೋ ಮೀರಿದ ಖರೀದಿಗೆ ಮಾತ್ರ ಎಂದು ಜರ್ಮನಿ ನಿಯಮ ಮಾಡಿತು. ಸ್ವಿಸ್ ಗ್ರಾಹಕನ ಜೇಬು ಗಟ್ಟಿ, ಅವನದೇ ಊರಿನ ಅಂಗಡಿ ಖಾಲಿ.

ನ್ಯಾಯವಾಗಿ ಹೇಳಬೇಕೆಂದರೆ ಲಾಭವೂ ಇದೆ. 2022ರಲ್ಲಿ ಯೂರೋ ವಲಯದ ಹಣದುಬ್ಬರ ಶೇ. 10 ದಾಟಿದಾಗ ಸ್ವಿಟ್ಜರ್ಲೆಂಡಿನದು ಶೇ. 3.5ರಷ್ಟಕ್ಕೇ ನಿಂತಿತು. ಆಮದು ಸರಕು ಅಗ್ಗವಾಗಲು ಬಲವಾದ ಫ್ರಾಂಕ್ ನೆರವಾಯಿತು.

ಆದರೆ ಈ ಬಲ ಪೂರ್ತಿ ಸ್ವಿಸ್ಸರ ದುಡಿಮೆಯದಲ್ಲ. ಜಗತ್ತಿನಲ್ಲಿ ಎಲ್ಲಿ ಗಾಬರಿಯಾದರೂ ಹಣವಂತರು ಫ್ರಾಂಕ್ ಕೊಳ್ಳುತ್ತಾರೆ. ಪರರ ಭಯವೇ ಅದರ ಬೆಲೆ. ಆ ಬೆಲೆ ಏರುವುದನ್ನು ತಡೆಯಲು ರಾಷ್ಟ್ರೀಯ ಬ್ಯಾಂಕ್ ಫ್ರಾಂಕ್ ಸೃಷ್ಟಿಸಿ ಯೂರೋ ಕೊಳ್ಳುತ್ತಲೇ ಹೋಯಿತು. ಪಟ್ಟು ಬಿಡುವ ಮೂರು ದಿನ ಮೊದಲು ಅದರ ಉಪಾಧ್ಯಕ್ಷರು ಆ ಮಿತಿಯೇ ತಮ್ಮ ನೀತಿಯ ಆಧಾರ ಎಂದಿದ್ದರು. ಸುಳ್ಳು ಎಂದು ಬೈದವರೊಂದಿಗೆ ನಾನಿಲ್ಲ. ನಾಳೆ ಬಿಡುತ್ತೇವೆ ಎಂದಿದ್ದರೆ ಸಟ್ಟಾ ವ್ಯಾಪಾರಿಗಳು ಅಂದೇ ಮುಗಿಬೀಳುತ್ತಿದ್ದರು.

ನನ್ನ ಸಿಟ್ಟು ಬೇರೆಯವರ ಮೇಲೆ. ಪೋಲೆಂಡ್, ಹಂಗೇರಿ, ಕ್ರೊಯೇಷಿಯಾಗಳಲ್ಲಿ ಬಡ್ಡಿ ಕಡಿಮೆ ಎಂದು ಹೇಳಿ ಬ್ಯಾಂಕುಗಳು ಫ್ರಾಂಕ್ ಲೆಕ್ಕದ ಗೃಹಸಾಲ ಹಂಚಿದ್ದವು. ವಾರ್ಸಾದ ಶಿಕ್ಷಕಿಗೆ ಸಂಬಳ ಪೋಲೆಂಡಿನ ಜ್ಲೋಟಿಯಲ್ಲಿ, ಸಾಲ ತಾನು ಕಣ್ಣಲ್ಲೂ ಕಾಣದ ದುಡ್ಡಿನಲ್ಲಿ. ಫ್ರಾಂಕ್ ಏರಿದಂತೆ ಆ ಸಾಲವೂ ಏರಿತು. ಹಂಗೇರಿ 2014ರ ಕೊನೆಯಲ್ಲೇ ಇಂಥ ಸಾಲಗಳನ್ನು ತನ್ನದೇ ಹಣವಾದ ಫೋರಿಂಟ್‌ಗೆ ಬದಲಿಸುವ ಕಾನೂನು ಮಾಡಿ ಬಚಾವಾಯಿತು. ಪೋಲೆಂಡಿನ ಸಾಲಗಾರರು ಆಮೇಲೆ ವರ್ಷಗಟ್ಟಲೆ ಕೋರ್ಟು ಅಲೆದರು.