ಟೆನ್ನೆಸ್ಸೀ ಹುಡುಗಿಯರು ನಡುಗೆರೆ ದಾಟಿದ ಬಗೆ

ಎಲ್ಲರಿಗೂ ನಮಸ್ಕಾರ.

ಅಮೆರಿಕದ ಟೆನ್ನೆಸ್ಸೀ ವಿಶ್ವವಿದ್ಯಾಲಯದ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ‘ಲೇಡಿ ವಾಲ್ಸ್’ ಅಂತ ಹೆಸರು. ಎಂಟು ಸಲ ರಾಷ್ಟ್ರೀಯ ಚಾಂಪಿಯನ್ ಆದ ತಂಡ ಅದು. ಅದರ ಬಗ್ಗೆ ಮಾತು ಬಂದರೆ ಎಲ್ಲರೂ ಆ ಎಂಟು ಟ್ರೋಫಿಗಳನ್ನು ಹೇಳುತ್ತಾರೆ. ನಾನು ಇವತ್ತು ಮೊದಲ ಟ್ರೋಫಿ ಬರುವ ಮುಂಚಿನ ಹದಿಮೂರು ವರ್ಷಗಳ ಬಗ್ಗೆ ಜಾಸ್ತಿ ಮಾತಾಡುತ್ತೇನೆ. ಆ ತಂಡ ನಿಜವಾಗಿ ರೂಪುಗೊಂಡದ್ದು ಆಗ.

1974ರಲ್ಲಿ ಪ್ಯಾಟ್ ಹೆಡ್ ಎಂಬ 22 ವರ್ಷದ ಹುಡುಗಿ ನಾಕ್ಸ್‌ವಿಲ್‌ನ ಈ ವಿಶ್ವವಿದ್ಯಾಲಯಕ್ಕೆ ಸ್ನಾತಕೋತ್ತರ ಪದವಿ ಓದಲು ಬಂದಳು. ರೈತರ ಮನೆಯವಳು. ಹಿಂದಿನ ಕೋಚ್ ರಜೆಯ ಮೇಲೆ ಹೋದ ಕಾರಣ ಇಡೀ ತಂಡದ ಹೊಣೆ ಅವಳ ತಲೆಗೆ ಬಂತು. ಸಂಬಳ ತಿಂಗಳಿಗೆ 250 ಡಾಲರ್. ಕೆಲವು ಆಟಗಾರ್ತಿಯರು ಅವಳಿಗಿಂತ ಒಂದೇ ವರ್ಷ ಚಿಕ್ಕವರು. ವ್ಯಾನ್ ಓಡಿಸುವವಳು ಅವಳೇ, ಜೆರ್ಸಿ ಒಗೆಯುವವಳೂ ಅವಳೇ. ಒಮ್ಮೆ ಪರ ಊರಿನ ಪಂದ್ಯಕ್ಕೆ ಹೋದಾಗ ಎದುರಾಳಿ ತಂಡದ ಜಿಮ್‌ನಲ್ಲೇ ಚಾಪೆ ಹಾಸಿಕೊಂಡು ಎಲ್ಲರೂ ಮಲಗಿದ್ದರು. ಅವಳ ಮೊದಲ ಪಂದ್ಯದಲ್ಲಿ ತಂಡ 84-83ರಿಂದ, ಅಂದರೆ ಒಂದೇ ಅಂಕದಿಂದ, ಸೋತಿತು. ಮದುವೆಯಾದ ಮೇಲೆ ಜಗತ್ತಿಗೆ ಅವರು ಪ್ಯಾಟ್ ಸಮಿಟ್ ಎಂದೇ ಪರಿಚಿತರಾದರು.

ಕಾನೂನು ಆಗಲೇ ಬಂದಿತ್ತು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಹೆಣ್ಣು ಗಂಡು ಎಂದು ಭೇದ ಮಾಡುವಂತಿಲ್ಲ ಎನ್ನುವ ‘ಟೈಟಲ್ ನೈನ್’ 1972ರದು. ಆದರೆ ಕಾನೂನು ಬಂದ ಮಾತ್ರಕ್ಕೆ ಹುಡುಗಿಯರಿಗೆ ಬಸ್ಸು, ಹಾಸಿಗೆ, ಜೆರ್ಸಿ ಬರುವುದಿಲ್ಲ, ಅಲ್ವಾ? ಅದನ್ನು ಪ್ರತಿವರ್ಷ ಕೇಳಿ ಕೇಳಿ ಪಡೆಯಬೇಕಾಯಿತು. ಟೆನ್ನೆಸ್ಸೀಯಲ್ಲಿ ಮಹಿಳಾ ಕ್ರೀಡೆಗೇ ಒಂದು ಪ್ರತ್ಯೇಕ ವಿಭಾಗ ಮಾಡಿ, ಅದರ ಆಡಳಿತವನ್ನು ಮಹಿಳೆಯರಿಗೇ ವಹಿಸಿದರು. ಹಣ ಹಂಚುವ ಹೊತ್ತಿಗೆ ಮಹಿಳಾ ತಂಡದ ಪರವಾಗಿ ಮಾತಾಡಲು ಒಬ್ಬರು ಇರುತ್ತಿದ್ದರು. ನನ್ನ ಪ್ರಕಾರ ಈ ವಿಭಾಗ ಇಲ್ಲದಿದ್ದರೆ ಮುಂದಿನ ಕಥೆ ಇಷ್ಟು ದೂರ ಬರುತ್ತಿರಲಿಲ್ಲ.

ಇನ್ನೊಂದು ತೊಡಕು ಆಟದ ಒಳಗೇ ಇತ್ತು. ಆಗ ಟೆನ್ನೆಸ್ಸೀಯ ಹೈಸ್ಕೂಲುಗಳಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆರು ಜನ. ಮೂವರು ಫಾರ್ವರ್ಡ್‌ಗಳು ಎದುರಾಳಿಯ ಅರ್ಧದಲ್ಲಿ, ಮೂವರು ಗಾರ್ಡ್‌ಗಳು ತಮ್ಮ ಅರ್ಧದಲ್ಲಿ. ನಡುಗೆರೆಯನ್ನು ಯಾರೂ ದಾಟುವಂತಿಲ್ಲ. ಗಾರ್ಡ್ ಆದವಳು ಬುಟ್ಟಿಗೆ ಒಂದೇ ಒಂದು ಸಲವೂ ಚೆಂಡು ಹಾಕದೆ ಹೈಸ್ಕೂಲು ಮುಗಿಸಬಹುದಿತ್ತು. ಹುಡುಗರು ಮಾತ್ರ ಐದು ಜನ, ಪೂರ್ತಿ ಅಂಕಣ. ಗಾರ್ಡ್ ಆಗಿದ್ದ ಒಬ್ಬ ವಿದ್ಯಾರ್ಥಿನಿ, ಇದರಿಂದ ತನಗೆ ಕಾಲೇಜಿನ ಸ್ಕಾಲರ್‌ಶಿಪ್ ತಪ್ಪುತ್ತದೆ ಎಂದು ಕೋರ್ಟಿಗೆ ಹೋದಳು. ದುರ್ಬಲರಿಗೆ ಪೆಟ್ಟಾಗಬಾರದು, ಜಾಸ್ತಿ ಹುಡುಗಿಯರಿಗೆ ಆಡಲು ಸಿಗಬೇಕು, ಪ್ರೇಕ್ಷಕರು ಕಡಿಮೆಯಾಗಬಾರದು ಎಂದು ಶಾಲಾ ಕ್ರೀಡಾ ಮಂಡಳಿ ವಾದಿಸಿತು. ಆ ಹುಡುಗಿ ಕೆಳಗಿನ ಕೋರ್ಟಿನಲ್ಲಿ ಗೆದ್ದಳು, ಮೇಲ್ಮನವಿಯಲ್ಲಿ ಸೋತಳು. ಸಮಿಟ್ ಅವರೂ ಈ ನಿಯಮದ ವಿರುದ್ಧ ಗಟ್ಟಿಯಾಗಿ ನಿಂತರು. ಅರ್ಧ ಅಂಕಣದಲ್ಲಿ ಆಡಿ ಬೆಳೆದ ಹುಡುಗಿಯರನ್ನು ಪೂರ್ತಿ ಅಂಕಣದ ತಂಡಕ್ಕೆ ತೆಗೆದುಕೊಳ್ಳುವುದು ಕಷ್ಟ ಎನ್ನುವುದು ಕೋಚ್ ಆಗಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ 1979-80ರ ಋತುವಿನಿಂದ ಟೆನ್ನೆಸ್ಸೀ ಶಾಲೆಗಳಿಗೂ ಐವರ ಆಟ ಬಂತು. ಆ ಎಂಟು ಟ್ರೋಫಿಗಳಿಗಿಂತ ಈ ಬದಲಾವಣೆಯೇ ದೊಡ್ಡದು ಅನ್ನುತ್ತೇನೆ ನಾನು. ಇದರ ಲಾಭ ಒಂದು ತಂಡಕ್ಕಲ್ಲ, ರಾಜ್ಯದ ಪ್ರತಿಯೊಂದು ಹೈಸ್ಕೂಲಿಗೆ.

ಈ ನಡುವೆ ಸಮಿಟ್ 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಆಟಗಾರ್ತಿಯಾಗಿ ಬೆಳ್ಳಿ ಗೆದ್ದರು, 1984ರ ಲಾಸ್ ಏಂಜಲೀಸ್‌ನಲ್ಲಿ ಕೋಚ್ ಆಗಿ ಚಿನ್ನ. ಆದರೆ ವಿಶ್ವವಿದ್ಯಾಲಯದ ತಂಡ 1980, 1981, 1984ರ ಫೈನಲ್‌ಗಳಲ್ಲಿ ಸೋತಿತು. ದೊಡ್ಡ ಪಂದ್ಯ ಗೆಲ್ಲಲಾಗದ ಕೋಚ್ ಎನ್ನುವ ಮಾತು ಹುಟ್ಟಿಕೊಂಡಿತು. 1987ರಲ್ಲಿ ಲೂಸಿಯಾನ ಟೆಕ್ ತಂಡವನ್ನು 67-44ರಿಂದ ಸೋಲಿಸಿದಾಗಲೇ ಆ ಬಾಯಿಗಳು ಮುಚ್ಚಿದ್ದು.

ಆಮೇಲಿನದು ನಿಮಗೂ ಗೊತ್ತಿರಬಹುದು. 1989, 1991, ಮತ್ತೆ 1996ರಿಂದ ಸತತ ಮೂರು. 1997ರಲ್ಲಿ ಹತ್ತು ಪಂದ್ಯ ಸೋತೂ ಚಾಂಪಿಯನ್ ಆದರು. ಮರುವರ್ಷ 39 ಪಂದ್ಯ ಆಡಿ 39ನ್ನೂ ಗೆದ್ದರು. ಶಮೀಕ್ ಹೋಲ್ಡ್‌ಸ್ಕ್ಲಾ, ಸಮೀಕಾ ರ‍್ಯಾಂಡಲ್, ತಮೀಕಾ ಕ್ಯಾಚಿಂಗ್ಸ್ ಇದ್ದ ತಂಡ ಅದು. ಕ್ಯಾಚಿಂಗ್ಸ್‌ಗೆ ಹುಟ್ಟಿನಿಂದಲೇ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. 2007 ಮತ್ತು 2008ರಲ್ಲಿ ಕ್ಯಾಂಡೇಸ್ ಪಾರ್ಕರ್ ಕಾಲದ ಇನ್ನೆರಡು ಟ್ರೋಫಿ. ಕನೆಕ್ಟಿಕಟ್ ವಿಶ್ವವಿದ್ಯಾಲಯದ ಜೊತೆಗಿನ ಪೈಪೋಟಿ ಟಿವಿ ಮುಂದೆ ಜನರನ್ನು ಕೂರಿಸಿತು. ಇಷ್ಟರ ನಡುವೆ ಓದು ಕಡ್ಡಾಯ. ಸಮಿಟ್ ಕೈಕೆಳಗೆ ಪೂರ್ತಿ ಅವಧಿ ಆಡಿದ ಪ್ರತಿಯೊಬ್ಬಳೂ ಪದವಿ ಮುಗಿಸಿದಳು. ನನಗೆ ತುಂಬಾ ಹೆಮ್ಮೆ ಅನ್ನಿಸುವ ದಾಖಲೆ ಇದು.

2011ರಲ್ಲಿ, 59ನೇ ವಯಸ್ಸಿಗೇ, ತಮಗೆ ಆಲ್‌ಝೈಮರ್ ಕಾಯಿಲೆ ಇದೆ ಎಂದು ಸಮಿಟ್ ಬಹಿರಂಗವಾಗಿ ಹೇಳಿದರು. ಇನ್ನೊಂದು ಋತು ತಂಡದ ಜೊತೆ ಇದ್ದು 2012ರಲ್ಲಿ ಹುದ್ದೆ ಬಿಟ್ಟರು. ಅಲ್ಲಿಗೆ 38 ಋತು, 1,098 ಗೆಲುವು. 2016ರಲ್ಲಿ ತೀರಿಕೊಂಡರು. ಅವರ ನಂತರ ಕೋಚ್ ಆದ ಹಾಲಿ ವಾರ್ಲಿಕ್, ಕೆಲ್ಲಿ ಹಾರ್ಪರ್ ಇಬ್ಬರೂ ಅವರದೇ ಶಿಷ್ಯೆಯರು. ಒಂಬತ್ತನೇ ಟ್ರೋಫಿ ಇವರಿಬ್ಬರಿಗೂ ಸಿಗಲಿಲ್ಲ.

ಪ್ರತ್ಯೇಕ ಮಹಿಳಾ ವಿಭಾಗವನ್ನೂ ಪುರುಷರ ವಿಭಾಗದ ಜೊತೆ ಸೇರಿಸಿಬಿಟ್ಟರು. ಆಮೇಲೆ 2014ರಲ್ಲಿ, ಬ್ಯಾಸ್ಕೆಟ್‌ಬಾಲ್ ಒಂದನ್ನು ಬಿಟ್ಟು ಉಳಿದ ಮಹಿಳಾ ತಂಡಗಳಿಂದ ‘ಲೇಡಿ ವಾಲ್ಸ್’ ಹೆಸರು ತೆಗೆಯುವುದಾಗಿ ಪ್ರಕಟಿಸಿದರು. ಹಳೆಯ ಆಟಗಾರ್ತಿಯರು, ಅಭಿಮಾನಿಗಳು ಸುಮ್ನೆ ಬಿಡಲಿಲ್ಲ. ಸಹಿ ಸಂಗ್ರಹಿಸಿದರು, ವರ್ಷಗಟ್ಟಲೆ ಬೆನ್ನು ಹತ್ತಿದರು. 2017ರಲ್ಲಿ ಎಲ್ಲ ತಂಡಗಳಿಗೂ ಆ ಹೆಸರನ್ನು ವಾಪಸ್ ಪಡೆದರು.