42 ಪರ್ಸೆಂಟಿನ ಊರಿನವನ ಮಾತು

ನಮಸ್ಕಾರ. ಇವತ್ತು ಸ್ವಲ್ಪ ಸಿಟ್ಟಿನಲ್ಲೇ ಮಾತಾಡುತ್ತೇನೆ. ಮೊದಲೇ ಹೇಳಿಬಿಟ್ಟರೆ ಒಳ್ಳೆಯದು.

2025ರ ಮೇ 2, ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ. ದಕ್ಷಿಣ ಕನ್ನಡ ಶೇ. 91.12, ರಾಜ್ಯಕ್ಕೇ ಮೊದಲು. ಕಲಬುರಗಿ ಶೇ. 42.43, ಎಲ್ಲರಿಗಿಂತ ಕೊನೆ. ನಾನು ಅದೇ ಕಲಬುರಗಿ ಜಿಲ್ಲೆಯ ಜೇವರ್ಗಿ ಕಡೆಯವನು, ಹೊಟ್ಟೆಪಾಡಿಗೆ ಬೆಂಗಳೂರಿನಲ್ಲಿದ್ದೇನೆ. ಅವತ್ತು ಆಫೀಸಿನ ಕ್ಯಾಂಟೀನಿನಲ್ಲಿ ಗೆಳೆಯನೊಬ್ಬ ಮೊಬೈಲ್ ನೋಡುತ್ತಾ ನಕ್ಕ. "ಏನಪ್ಪಾ, ನಿಮ್ಮ ಕಡೆ ಕಾಪಿ ಬಂದ್ ಮಾಡಿದ ತಕ್ಷಣ ಬಣ್ಣ ಬಯಲಾಯ್ತಲ್ಲ!" ಅಂದ. ಕೆಟ್ಟವನಲ್ಲ ಅವನು. ನನ್ನ ಊಟದ ಬಿಲ್ಲನ್ನೂ ಅವನೇ ಕೊಟ್ಟ. ಆದರೆ ಆ ನಗು ನನಗೆ ಇನ್ನೂ ಚುಚ್ಚುತ್ತಿದೆ.

ಕಾಪಿ ಇರಲಿಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಇತ್ತು. ನಾನು ಪರೀಕ್ಷೆ ಬರೆದಾಗ ಕಿಟಕಿಯಿಂದ ಚೀಟಿ ಬರುತ್ತಿತ್ತು. ಹೊರಗೆ ಮಾವಂದಿರು, ಕಾಕಂದಿರು ಗೋಡೆ ಹತ್ತಿ ನಿಲ್ಲುತ್ತಿದ್ದರು. ಯಾಕೆ ಅಂತ ಯಾರೂ ಕೇಳಲಿಲ್ಲ. ನಮ್ಮ ಶಾಲೆಯಲ್ಲಿ ಒಂದು ವರ್ಷ ಪೂರ್ತಿ ಗಣಿತಕ್ಕೆ ಸರ್ ಇರಲಿಲ್ಲ. ಹಿಂದಿ ಸರ್ ಪಾಪ, ಗೈಡ್ ನೋಡಿಕೊಂಡು ಬೋರ್ಡ್ ಮೇಲೆ ಲೆಕ್ಕ ಇಳಿಸುತ್ತಿದ್ದರು. ಪೈಥಾಗೊರಸ್ ಪ್ರಮೇಯವನ್ನು ನಾವು ಪದ್ಯ ಕಲಿತಂತೆ ಬಾಯಿಪಾಠ ಮಾಡಿದೆವು. ವರ್ಷವಿಡೀ ಪಾಠ ಕೊಡದೆ, ಮಾರ್ಚ್ ತಿಂಗಳಲ್ಲಿ ಪೇಪರ್ ಮಾತ್ರ ಎಲ್ಲರಿಗೂ ಒಂದೇ ಕೊಟ್ಟರೆ ಆ ಚೀಟಿ ಬಾರದೆ ಇನ್ನೇನು ಬರುತ್ತದೆ?

2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂತು. ವೆಬ್‌ಕಾಸ್ಟಿಂಗ್. ನನಗೆ ಅದರ ಮೇಲೆ ತಕರಾರಿಲ್ಲ. ಆದರೆ ಆ ವರ್ಷ ಏನಾಯ್ತು ನೆನಪಿದೆಯಾ? ರಿಸಲ್ಟ್ ದಬಕ್ಕನೆ ಬಿತ್ತು. ತಕ್ಷಣ ಗ್ರೇಸ್ ಮಾರ್ಕ್ಸನ್ನು ಶೇ. 10ರಿಂದ 20ಕ್ಕೆ ಏರಿಸಿದರು. ಆಮೇಲೆ ರಾಜ್ಯದ ಫಲಿತಾಂಶ ಶೇ. 73.40 ಆಯ್ತು. ಅಷ್ಟು ಎತ್ತಿದರೂ ಯಾದಗಿರಿ ಶೇ. 50.59ಕ್ಕೇ ನಿಂತಿತು. ಉಡುಪಿ 94. ಅಂದರೆ ರೋಗ ಏನು ಅಂತ ಸರ್ಕಾರಕ್ಕೇ ಗೊತ್ತಾಗಿತ್ತು. ಗೊತ್ತಾದ ಮೇಲೆ ಮಾರ್ಕ್ಸ್ ಕೊಟ್ಟರು. ಮಾರ್ಕ್ಸ್ ಕೊಡುವುದು ಸುಲಭ, ಸಂಬಳದ ಮೇಲೆ ಮಾಸ್ತರನ್ನು ಕಳಿಸುವುದು ಕಷ್ಟ.

ಇನ್ನೊಂದು ವಿಷಯ ಈ ಪಟ್ಟಿಗಳಲ್ಲಿ ಕಾಣುವುದಿಲ್ಲ. ನವೆಂಬರಿನಿಂದ ಜನವರಿವರೆಗೆ ನಮ್ಮ ಕಡೆ ಹತ್ತಿ ಬಿಡಿಸುವ ಸುಗ್ಗಿ. ಬೆಳಿಗ್ಗೆ ಟಂಟಂ ಗಾಡಿ ಓಣಿಗೆ ಬರುತ್ತದೆ. ಹೆಂಗಸರು, ಜೊತೆಗೆ ಹೈಸ್ಕೂಲ್ ಹುಡುಗಿಯರು. ಕೆಜಿ ಲೆಕ್ಕದಲ್ಲಿ ಕೂಲಿ, ಹಾಗಾಗಿ ಕೈ ಹೆಚ್ಚಾದಷ್ಟೂ ಲಾಭ. ಒಣಗಿದ ಕಾಯಿಯ ತುದಿ ಮುಳ್ಳಿನ ಹಾಗೆ ಚೂಪಾಗಿರುತ್ತದೆ, ಉಗುರಿನ ಪಕ್ಕಕ್ಕೇ ಚುಚ್ಚುತ್ತದೆ. ನಾನೂ ಎರಡು ಸುಗ್ಗಿ ಬಿಡಿಸಿದ್ದೇನೆ. ಮರುದಿನ ಪೆನ್ನು ಹಿಡಿದರೆ ಬೆರಳು ಉರಿಯುತ್ತಿತ್ತು. ಹಾಜರಿ ಪುಸ್ತಕದಲ್ಲಿ ಮಾತ್ರ ನಾವು ಹಾಜರೇ. ಇದರಲ್ಲಿ ಮಾಸ್ತರರ ತಪ್ಪು ಇಲ್ಲ. ಗೈರು ಅಂತ ಬರೆದರೆ ಮೇಲಿನವರು ಕೇಳುವುದು ಅವರನ್ನೇ.

ಬೆಂಗಳೂರಿನಲ್ಲಿ ಶಿಕ್ಷಣದ ಬಗ್ಗೆ ಜಗಳ ಆಗುವುದಿಲ್ಲ ಅಂತ ಅಲ್ಲ, ಜೋರಾಗೇ ಆಗುತ್ತದೆ. 2021ರಲ್ಲಿ ದೇಶಕ್ಕೇ ಮೊದಲು ಅಂತ ಹೊಸ ಶಿಕ್ಷಣ ನೀತಿ ತಂದರು, ಡಿಗ್ರಿಗೆ ನಾಲ್ಕು ವರ್ಷದ ದಾರಿ ಮಾಡಿದರು. ಸರ್ಕಾರ ಬದಲಾಯ್ತು. 2024ರಲ್ಲಿ ಮತ್ತೆ ಮೂರೇ ವರ್ಷ ಅಂದರು. ನಡುವೆ 2022ರಲ್ಲಿ ಪಠ್ಯಪುಸ್ತಕದ ಗಲಾಟೆ, ಯಾರ ಪಾಠ ತೆಗೆದರು, ಯಾರದ್ದು ಸೇರಿಸಿದರು ಅಂತ ತಿಂಗಳುಗಟ್ಟಲೆ ಟಿವಿಯಲ್ಲಿ ಕಿತ್ತಾಟ. 5, 8, 9ನೇ ತರಗತಿಗೆ ಬೋರ್ಡ್ ಪರೀಕ್ಷೆ ಅಂದರು. ಮಕ್ಕಳು ಬರೆದೂ ಮುಗಿಸಿದರು. ಆಮೇಲೆ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ರಿಸಲ್ಟಿಗೇ ತಡೆ ಕೊಟ್ಟಿತು. ಹತ್ತು ವರ್ಷದ ಮಗುವಿಗೆ ಇದನ್ನು ಹೇಗೆ ತಿಳಿಸಿ ಹೇಳುತ್ತೀರಿ?

ಎಡದವರಾಗಲಿ, ಬಲದವರಾಗಲಿ, ಪುಸ್ತಕದ ಒಳಗೆ ಏನಿದೆ ಅಂತಲೇ ಹೊಡೆದಾಡುತ್ತಾರೆ. ಆ ಪುಸ್ತಕ ಬಿಚ್ಚಿ ಪಾಠ ಮಾಡುವವರು ನಮ್ಮ ಊರಿನಲ್ಲಿ ಇದ್ದಾರಾ ಅಂತ ಇಬ್ಬರಲ್ಲಿ ಒಬ್ಬರೂ ಕೇಳಿದ್ದನ್ನು ನಾನು ಕಂಡಿಲ್ಲ. ಅದಕ್ಕೇ ನಮ್ಮ ಕಡೆ "ಬುದ್ಧಿಜೀವಿ" ಅನ್ನುವುದು ಬೈಗುಳವಾಗಿದೆ. ಓದಿದವರ ಮೇಲೆ ದ್ವೇಷ ಅಂತಲ್ಲ. ನಮ್ಮ ಜನ ಹೊಲ ಮಾರಿಯಾದರೂ ಓದಿಸುತ್ತಾರೆ. ಹೇಳುವುದು ಒಂದು, ತಮ್ಮ ಮನೆಯಲ್ಲಿ ಮಾಡುವುದು ಇನ್ನೊಂದು ಅನ್ನುವವರ ಮೇಲೆ ಸಿಟ್ಟು.

ಇಂಗ್ಲಿಷ್ ಮೀಡಿಯಂ ವಿಷಯವನ್ನೇ ನೋಡಿ. 2019ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಸಾವಿರ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯಲು ಹೊರಟಾಗ ಸಾಹಿತಿಗಳು ದೊಡ್ಡ ದನಿಯಲ್ಲಿ ವಿರೋಧಿಸಿದರು. ಮಗು ಮೊದಲು ತಾಯಿನುಡಿಯಲ್ಲಿ ಕಲಿಯಬೇಕು ಅನ್ನುವುದು ಸರಿ, ನಾನೂ ಒಪ್ಪುತ್ತೇನೆ. ಆದರೆ ನಮ್ಮ ಅಣ್ಣ ಒಂದೇ ಪ್ರಶ್ನೆ ಕೇಳಿದ. "ಇವರ ಮೊಮ್ಮಕ್ಕಳು ಯಾವ ಸಾಲಿಗೆ ಹೋಗ್ತಾವ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಮಗಳನ್ನು ತಾಲ್ಲೂಕಿನ ಒಂದು ಕಾನ್ವೆಂಟಿಗೆ ಹಾಕಿದ. ಎರಡು ವರ್ಷ ಫೀ ಕಟ್ಟಿದ, ಮೂರನೇ ವರ್ಷ ಮಳೆ ಕೈಕೊಟ್ಟಿತು, ತಿರುಗಿ ಸರ್ಕಾರಿ ಶಾಲೆಗೇ ಬಂದಳು.

ಈಗ ಮೆರಿಟ್ ಮಾತು. ನಮಗೆ 371ಜೆ ಇದೆ, ಅಂದರೆ ಹಿಂದುಳಿದ ಕಲ್ಯಾಣ ಕರ್ನಾಟಕದವರಿಗೆ ಸೀಟು, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ ವಿಧಿ. 2013ರಿಂದ. ನಮ್ಮ ಭಾಗದ ಕಾಲೇಜುಗಳಲ್ಲಿ ಶೇ. 70, ಉಳಿದ ಕಡೆ ಶೇ. 8 ಸೀಟು. "ಮೆರಿಟ್‌ಗೆ ಅನ್ಯಾಯ" ಅಂತ ಬೆಂಗಳೂರಿನಲ್ಲಿ ಆಗಾಗ ಕೂಗು ಏಳುತ್ತದೆ. ಈ ಕೂಗು ಹೊಸದಲ್ಲ. 1918ರಲ್ಲಿ ಮೈಸೂರು ಸಂಸ್ಥಾನದಲ್ಲಿ ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಸಿಗಲೆಂದು ಮಹಾರಾಜರು ಮಿಲ್ಲರ್ ಸಮಿತಿ ಮಾಡಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆಯಾಗಲಿಲ್ಲ, ಅವರು ಹುದ್ದೆ ಬಿಟ್ಟರು. ಅವತ್ತೂ ವಾದ ಅದೇ, ಯೋಗ್ಯತೆ ಕೆಡುತ್ತದೆ ಅಂತ. ಅವತ್ತು ಪಾಲು ಕೇಳಿದವರ ಮೊಮ್ಮಕ್ಕಳಲ್ಲಿ ಕೆಲವರು ಇವತ್ತು ನನಗೆ ಮೆರಿಟ್ ಪಾಠ ಹೇಳುತ್ತಾರೆ. ನಗು ಬರುತ್ತದೆ, ನಿಜವಾಗಿ.

ಮಂಗಳೂರಿಗೆ ಶಾಲೆ ತೆರೆದ ಬಾಸೆಲ್ ಮಿಷನ್ ಪಾದ್ರಿಗಳು ಬಂದದ್ದು 1834ರಲ್ಲಿ. ಮೈಸೂರಿಗೆ ಯೂನಿವರ್ಸಿಟಿ 1916ರಲ್ಲಿ. ನಾವು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮನ ಕೈಯಲ್ಲಿದ್ದೆವು, ಅಲ್ಲಿ ಓದು ಅಂದರೆ ಉರ್ದು. ನಮ್ಮ ಮುತ್ಯಾ ಉರ್ದುವಿನಲ್ಲಿ ಸಹಿ ಹಾಕುತ್ತಿದ್ದ. ಕನ್ನಡದಲ್ಲಿ ಅವನಿಗೆ ಹೆಬ್ಬೆಟ್ಟೇ ಗತಿ. ಗುಲ್ಬರ್ಗ ವಿಶ್ವವಿದ್ಯಾಲಯ ಬಂದದ್ದು 1980ಕ್ಕೆ. ಓಟದಲ್ಲಿ ಒಬ್ಬ ಅಷ್ಟು ಮುಂಚೆ ಓಡಲು ಶುರು ಮಾಡಿದರೆ ಇನ್ನೊಬ್ಬ ಸೋಮಾರಿ ಅಂತ ಅರ್ಥವಾ?

ಆದರೆ ಇಲ್ಲಿ ನನ್ನ ಜನಕ್ಕೂ ಒಂದು ಮಾತು ಹೇಳಬೇಕು. ಇದು ಕೇಳಿ ಕೆಲವರು ನನ್ನ ಮೇಲೆ ಬೀಳುತ್ತೀರಿ, ಬೀಳಿ. ನಿಜಾಮ ಹೋಗಿ ಎಪ್ಪತ್ತೈದು ವರ್ಷ ದಾಟಿತು. ವೀರೇಂದ್ರ ಪಾಟೀಲರು, ಧರ್ಮಸಿಂಗ್ ಅವರು ನಮ್ಮ ಜಿಲ್ಲೆಯಿಂದಲೇ ಹೋಗಿ ಮುಖ್ಯಮಂತ್ರಿ ಆದರು. ರಾಜ್ಯದಲ್ಲಿ ಯಾವ ಭಾಗ ಎಷ್ಟು ಹಿಂದುಳಿದಿದೆ ಅಂತ ನೋಡಲು ಸರ್ಕಾರ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ವರದಿ ಕೊಟ್ಟಿತು. ತೀರಾ ಹಿಂದುಳಿದ 39 ತಾಲ್ಲೂಕು ಅಂತ ಗುರುತಿಸಿತು, ಅದರಲ್ಲಿ 21 ಆಗಿನ ಗುಲ್ಬರ್ಗ ವಿಭಾಗದವು. ಎಲ್ಲಿ ಏನಿಲ್ಲ ಅಂತ ತಾಲ್ಲೂಕುವಾರು ಬರೆದಿಟ್ಟಿದ್ದರು. ಆಮೇಲೆ ನಮ್ಮ ಭಾಗದ ಅಭಿವೃದ್ಧಿ ಮಂಡಳಿಗೆ ದುಡ್ಡೂ ಬಂತು. ದುಡ್ಡು ಬಂದಾಗ ನಮ್ಮ ಓಣಿಗೆ ಮೊದಲು ಬಂದದ್ದು ಸಮುದಾಯ ಭವನ ಮತ್ತು ಸಿಸಿ ರಸ್ತೆ. ಸಿಸಿ ರಸ್ತೆಗೆ ಗುತ್ತಿಗೆದಾರ ಇರುತ್ತಾನೆ. ಗಣಿತದ ಸರ್‌ಗೆ ಗುತ್ತಿಗೆದಾರ ಇಲ್ಲ, ಕಮಿಷನ್ನೂ ಇಲ್ಲ. 371ಜೆ ಸರ್ಟಿಫಿಕೇಟ್ ಮೇಲೆ ಮೆಡಿಕಲ್ ಸೀಟು ಹಿಡಿದ ನಮ್ಮ ಊರ ಸಾಹುಕಾರನ ಮಗನನ್ನು ನೋಡಿದರೆ ಪೂರ್ತಿ ಬೆಂಗಳೂರಿನಲ್ಲೇ ಓದಿದವನು ಅನ್ನಿಸುತ್ತದೆ, ಅಷ್ಟು ಬೆಂಗಳೂರಿಗ. ಸರ್ಟಿಫಿಕೇಟ್ ಮಾತ್ರ ನಮ್ಮದು. ಬೆಂಗಳೂರಿನವರನ್ನು ಬೈದು ಓಟು ತೆಗೆದುಕೊಳ್ಳುವವರು ತಮ್ಮ ಮಕ್ಕಳನ್ನು ಮಾತ್ರ ಬೆಂಗಳೂರಿನಲ್ಲೇ ಓದಿಸುತ್ತಾರೆ. ಆ ಕ್ಯಾಂಟೀನ್ ಗೆಳೆಯನಿಗಿಂತ ಇವರ ಮೇಲೆ ನನಗೆ ಸಿಟ್ಟು ಜಾಸ್ತಿ.

ಮೊನ್ನೆ ಅಣ್ಣನ ಮಗಳಿಗೆ ಫೋನ್ ಮಾಡಿದ್ದೆ. ಈ ಸಲ ಎಸ್ಸೆಸ್ಸೆಲ್ಸಿ ಅವಳದು. ಗಣಿತಕ್ಕೆ ಸರ್ ಇದ್ದಾರಾ ಅಂತ ಕೇಳಿದೆ.

"ಗೆಸ್ಟ್ ಅದಾರ ಕಾಕಾ. ದೀಪಾವಳಿ ಆದಮ್ಯಾಗ ಬಂದಾರ. ಚಲೋ ಹೇಳ್ತಾರ, ಆದ್ರ ನಾನs ಹದಿನೈದು ದಿನ ಹೋಗಿಲ್ಲ."

ಯಾಕೆ ಅಂತ ಕೇಳಲಿಲ್ಲ. ಹಿಂದಿನಿಂದ ಟಂಟಂ ಹಾರ್ನ್ ಕೇಳುತ್ತಿತ್ತು. ಅವ್ವ ಕರೀತಾಳ ಅಂತ ಹೇಳಿ ಫೋನ್ ಇಟ್ಟಳು.